ಸುನಂದಮ್ಮ ನುಂಗಿಕೊಂಡ ಪ್ರಶ್ನೆ

ಸುನಂದಮ್ಮನಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಹಂಪಾಪುರದ ಸುತ್ತಿನ ನಾಲ್ಕು ಹಳ್ಳಿಗೂ ಗೊತ್ತು. ಮದುವೆ ಮನೆಯಲ್ಲೋ ಹಾಲಿನ ಡೈರಿಯ ಮುಂದೋ ಯಾರಾದರೂ ಆ ಮಾತು ಎತ್ತಿದರೆ ಸಾಕು, ಅವಳು ಸೆರಗು ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಾಳೆ. ನಾಚಿಕೆ ಎಂದು ಜನ ತಿಳಿದುಕೊಂಡಿದ್ದಾರೆ. ನಾಚಿಕೆಯಲ್ಲ.

ಏಳನೆಯ ತರಗತಿಗೆ ಶಾಲೆ ಬಿಟ್ಟು, ಕಾಂತರಾಜುವನ್ನು ಮದುವೆಯಾಗಿ ಈ ಊರಿಗೆ ಬಂದವಳು ಅವಳು. ಗಂಡನಿಗೆ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹತ್ತಿ, ಕಾಲುವೆ ಕೆಳಗೆ ಸ್ವಲ್ಪ ಗದ್ದೆ. ಬೆಳಗಿನ ಹಾಲು ಕರೆದು, ಮಗಳು ಚಿನ್ನುವಿಗೆ ಜಡೆ ಹಾಕಿ ಶಾಲೆಗೆ ಕಳಿಸಿದರೆ ಉಳಿದ ಹೊತ್ತೆಲ್ಲ ಹೊಲ. ಕಬಿನಿ ಹಿನ್ನೀರಿನ ದಡದಲ್ಲಿ ಒಂದು ರೆಸಾರ್ಟು ಎದ್ದು, ಹಾಸಿಗೆ ಹಾಸುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ಹಳ್ಳಿಯ ಹೆಂಗಸರನ್ನು ಕರೆದಾಗ ಅವಳೂ ಹೋದಳು. ಬೆಳಿಗ್ಗೆ ವ್ಯಾನು ಬಂದು ಕರೆದೊಯ್ಯುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು.

ಅಲ್ಲಿಗೆ ಬರುವವರ ಮಾತೆಲ್ಲ ಇಂಗ್ಲಿಷು. ಮೊದಲ ತಿಂಗಳಲ್ಲೇ ಒಂದು ಫಜೀತಿಯಾಯಿತು. ಕೈಯಲ್ಲಿ ಕೂಸು ಹಿಡಿದುಕೊಂಡು ಒಬ್ಬ ಹೆಂಗಸು ಏನೋ ಕೇಳಿದಳು. ಸುನಂದಮ್ಮ ಓಡಿಹೋಗಿ ಟವೆಲ್ ತಂದಳು. ಆಕೆ ತಲೆಯಾಡಿಸಿದಳು. ಇನ್ನೊಂದು ಟವೆಲ್ ತಂದಳು. ಕೊನೆಗೆ ಅಡುಗೆಯವನು ಬಂದು, ಕೂಸಿಗೆ ಹಾಲು ಕಲಸಲು ಬಿಸಿನೀರು ಬೇಕಂತೆ ಎಂದ. ಅಷ್ಟು ಹೊತ್ತೂ ಕೂಸು ಅಳುತ್ತಲೇ ಇತ್ತು. ಆ ಅಳು ಮನೆಗೆ ಬಂದ ಮೇಲೂ ಅವಳ ಕಿವಿಯಲ್ಲಿತ್ತು.

ಮರುದಿನ ಸಂಜೆ ವ್ಯಾನಿಂದ ಇಳಿದವಳು ನೆಟ್ಟಗೆ ಪಂಚಾಯಿತಿ ಲೈಬ್ರರಿಯ ಜಗಲಿಗೆ ಹೋದಳು. ನಿವೃತ್ತರಾದ ಶಿವನಂಜಪ್ಪ ಮೇಷ್ಟ್ರು ಅಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು.

“ಯಾರನ್ನ ಕರ್ಕಂಡೋಗಕೆ ಬಂದ್ಯವ್ವ?” ಎಂದರು ಮೇಷ್ಟ್ರು.

“ಯಾರ್ನೂ ಇಲ್ಲ ಸಾ. ನಾನೇ ಕುಂತ್ಕತೀನಿ.”

ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಚಾಪೆಯ ಮೇಲೆ ಜಾಗ ಬಿಡಿಸಿದರು.

ಮೇಷ್ಟ್ರದು ಹಳೆಯ ಕಾಲದ ಪಾಠ. ಮೊದಲು ಕರ್ತೃ, ಆಮೇಲೆ ಕ್ರಿಯಾಪದ, ಆಮೇಲೆ ಉಳಿದದ್ದು. “ವಾಕ್ಯ ಚಿಕ್ಕದಿರಲಿ, ಆದರೆ ಪೂರ್ತಿಯಿರಲಿ. ತಡವರಿಸಬೇಡಿ. ಎದುರಿಗಿರುವವರ ಕಣ್ಣು ನೋಡಿ. ದನಿ ಹೊಟ್ಟೆಯಿಂದ ಬರಲಿ, ಗಂಟಲಿಂದಲ್ಲ. ಹೌದಾದರೆ ಹೌದು ಅನ್ನಿ, ಇಲ್ಲವಾದರೆ ಇಲ್ಲ ಅನ್ನಿ. ಇಂಗ್ಲಿಷಿನವನು ನಿಮ್ಮ ಮುಖ ನೋಡಿ ಅರ್ಥ ಮಾಡಿಕೊಳ್ಳುವುದಿಲ್ಲ, ಮಾತು ನೋಡಿ ಅರ್ಥ ಮಾಡಿಕೊಳ್ಳುತ್ತಾನೆ” ಎನ್ನುತ್ತಿದ್ದರು.

ಸುನಂದಮ್ಮ ಈ ಮಾತುಗಳನ್ನು ಮಂತ್ರದ ಹಾಗೆ ಹಿಡಿದುಕೊಂಡಳು. ಹಾಲು ಕರೆಯುವಾಗ ಎಮ್ಮೆಗೇ ಪಾಠ ಒಪ್ಪಿಸುತ್ತಿದ್ದಳು. “ಗುಡ್ ಮಾರ್ನಿಂಗ್. ಐ ವಿಲ್ ಬ್ರಿಂಗ್ ಹಾಟ್ ವಾಟರ್.”

“ಲೇ, ಎಮ್ಮೆ ಹಾಲು ಕಮ್ಮಿ ಮಾಡದೆ ಕಣೆ. ನಿನ್ ಇಂಗ್ಲೀಷ್ ಅರ್ಥ ಆಗ್ದೆ ಬೇಜಾರ್ ಮಾಡ್ಕಂಡದೆ” ಎಂದು ಕಾಂತರಾಜು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಿಚಾಯಿಸುತ್ತಿದ್ದ.

“ನಿಮಗಿಂತ ಅದ್ಕೇ ಬೇಗ ಅರ್ಥಾಯ್ತದೆ, ಸುಮ್ಕಿರಿ.”

ವರ್ಷ ತಿರುಗುವಷ್ಟರಲ್ಲಿ ಅವಳ ಬಾಯಲ್ಲಿ ಸಣ್ಣ ಸಣ್ಣ ವಾಕ್ಯಗಳು ಒಡೆಯದೆ ಹೊರಬರತೊಡಗಿದವು. ರೆಸಾರ್ಟಿನ ಮೇಲ್ವಿಚಾರಕ ಯತೀಶ್ ಇದೇ ಸೀಮೆಯ ಕೋಟೆ ಪಟ್ಟಣದ ಹುಡುಗ, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. “ಅಕ್ಕ, ಇಂಗೇ ಮಾತಾಡ್ತಿರಿ. ಊಟದ ಹಾಲ್‌ಗೆ ಒಬ್ರು ಬೇಕು. ದೊಡ್ಡೋರ್ ಕಿವೀಗ್ ಹಾಕ್ತೀನಿ” ಎಂದಿದ್ದ. ಊಟದ ಹಾಲೆಂದರೆ ಬಕೆಟ್ಟಿಲ್ಲ, ಸೋಪಿನ ನೀರಿನಲ್ಲಿ ಬಿರಿಯುವ ಕೈಯಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದವರನ್ನು ಮಾತಾಡಿಸುವ ಕೆಲಸ. ಅದರ ಮೇಲೆ ಅವಳಿಗೆ ಆಸೆಯಾಗಿತ್ತು. ಆಸೆಪಟ್ಟದ್ದು ತಪ್ಪೂ ಅಲ್ಲ.

ಅದೇ ರೆಸಾರ್ಟಿನಲ್ಲಿ ತೋಟದ ಕೆಲಸಕ್ಕಿದ್ದವನು ಸಣ್ಣಬೀರಯ್ಯ, ಅವಳ ಊರಿನವನೇ. ಮಗ ಸೊಸೆ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರೆ ಸುಗ್ಗಿ ಮುಗಿಯುವವರೆಗೂ ಬರುವುದಿಲ್ಲ. ಮೊಮ್ಮಗಳು ಅನು ತಾತನ ಜೊತೆಗೇ. ನಾಲ್ಕನೇ ಕ್ಲಾಸು. ಆ ಹುಡುಗಿಯ ಬಲಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ಇಡುತ್ತಿದ್ದರು, ನಿಲ್ಲುತ್ತಿತ್ತು, ಮತ್ತೆ ಸೋರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಹುಡುಗಿ ಎಡಗಿವಿಯನ್ನು ಮುಂದೆ ಮಾಡಿ “ಆಂ?” ಎನ್ನುತ್ತಿದ್ದಳು. ಊರಿನ ಮಕ್ಕಳು ಅವಳನ್ನು ಆಂ ಎಂದೇ ಕರೆಯುತ್ತಿದ್ದರು.

ಸಣ್ಣಬೀರಯ್ಯ ಆಗಾಗ ಸುನಂದಮ್ಮನ ಮನೆಗೆ ಬರುವುದಿತ್ತು. ಬಂದಾಗ ನಡೆಯುವುದು ಒಂದೇ ಮಾತು.

“ಕಾಪಿ ಕುಡೀ ಬೀರಣ್ಣ.”

“ಬ್ಯಾಡ ಕಣವ್ವ, ಈಗ ತಾನೆ ಕುಡ್ಕಂಡ್ ಬಂದೆ.”

“ಒಂಚೂರು ಕುಡಿಯಣ್ಣ.”

“ಯಾಕವ್ವ ಸುಮ್ಕೆ ತೊಂದ್ರೆ.”

“ಒಲೆ ಮೇಲ್ ಇಟ್ಟಾಯ್ತು, ಕುಂತ್ಕೋ.”

ಆಗ ಅವನು ಹೆಗಲ ಟವಲು ತೆಗೆದು ತೊಡೆಯ ಮೇಲೆ ಹಾಕಿಕೊಂಡು ಕುಳಿತು, ಲೋಟ ತುಂಬ ಕುಡಿದು ಹೋಗುತ್ತಿದ್ದ. ನಿಜವಾಗಿ ಬೇಡದಿದ್ದ ದಿನ ಮಾತು ಮುಗಿಯುವ ಮೊದಲೇ ಟವಲು ಕೊಡವಿ ಹೆಗಲಿಗೇರಿಸಿ ಅಂಗಳ ದಾಟಿರುತ್ತಿದ್ದ. ಆ ಸೀಮೆಯಲ್ಲಿ ಎಲ್ಲರ ರೀತಿಯೂ ಅದೇ. ಮೊದಲ ಸಲಕ್ಕೇ ಹೂಂ ಎನ್ನುವವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಒಂದೇ ಸಲ ಕೇಳಿ ಬಿಡುವವರು ಬಾಯಿಮಾತಿಗೆ ಕೇಳಿದರು ಎಂದು ಲೆಕ್ಕ. ಪಾಠದಲ್ಲಿ ಹೌದಾದರೆ ಹೌದು ಅನ್ನಿ ಎನ್ನುವ ಶಿವನಂಜಪ್ಪ ಮೇಷ್ಟ್ರೂ ಅವಳ ಮನೆಯಲ್ಲಿ ಎರಡು ಸಲ ಬೇಡವೆನ್ನದೆ ಕಾಫಿ ಮುಟ್ಟಿದವರಲ್ಲ.

ದಸರಾ ರಜೆಯಲ್ಲಿ ಅನು ತಾತನ ಜೊತೆ ರೆಸಾರ್ಟಿಗೆ ಬಂದಿದ್ದಳು. ಆಕಾಶಮಲ್ಲಿಗೆ ಮರದ ಕೆಳಗೆ ಹೂ ಆಯುತ್ತಿದ್ದಳು. ಪುಣೆಯಿಂದ ಬಂದಿದ್ದ ಒಬ್ಬ ಡಾಕ್ಟರಮ್ಮ ಬಲಗಡೆಯಿಂದ ಬಂದವರು ಹುಡುಗಿಯನ್ನು ಕರೆದರು. ಅವಳು ತಿರುಗಲಿಲ್ಲ. ಎಡಗಡೆಗೆ ಬಂದು ಕರೆದಾಗ ತಿರುಗಿ “ಆಂ?” ಎಂದಳು. ಡಾಕ್ಟರಮ್ಮ ಅಲ್ಲೇ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಹತ್ತಿ ತೆಗೆದು, ಮೊಬೈಲಿನ ಬೆಳಕು ಬಿಟ್ಟು ನೋಡಿದರು. ಅವರು ಕಿವಿಯ ಡಾಕ್ಟರು.

ಒಗೆದ ಹಾಸುಗಳ ಗಂಟು ಹೊತ್ತು ಹೋಗುತ್ತಿದ್ದ ಸುನಂದಮ್ಮನನ್ನು ಕಂಡು, “ಡು ಯು ಸ್ಪೀಕ್ ಇಂಗ್ಲಿಷ್?” ಎಂದು ಕೇಳಿದರು.

“ಎಸ್, ಮೇಡಮ್” ಎಂದಳು. ಗಂಟು ಕೆಳಗಿಟ್ಟಳು. ಜಗಲಿಯ ಕಂಬಕ್ಕೆ ಒರಗಿ ಯತೀಶ್ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಬೆನ್ನು ನೆಟ್ಟಗಾಯಿತು.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಕಿವಿಯೊಳಗಿನ ಪೊರೆ ತೂತಾಗಿದೆ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ. ಮೈಸೂರಿನಲ್ಲಿ ತಮ್ಮ ಗೆಳತಿಯ ಆಸ್ಪತ್ರೆಯಲ್ಲಿ ಈ ವಾರ ಮಕ್ಕಳಿಗೆ ಉಚಿತ ಕ್ಯಾಂಪು ಇದೆ. ಗುರುವಾರ ಕರೆದುಕೊಂಡು ಬಂದರೆ ತಾವೇ ನೋಡಿ, ತಾವೇ ಮಾಡುವುದಾಗಿ ಅಂದರು.

ಸುನಂದಮ್ಮನಿಗೆ ಅಷ್ಟೂ ಅರ್ಥವಾಯಿತು. ಅದೇ ಒಂದು ಹಿಗ್ಗು. ಗುದ್ದಲಿ ಹಿಡಿದು ನಿಂತಿದ್ದ ಸಣ್ಣಬೀರಯ್ಯನಿಗೆ ಒಂದೂ ಬಿಡದೆ ಕನ್ನಡದಲ್ಲಿ ಹೇಳಿದಳು. ಅವನು ಗುದ್ದಲಿ ಕೆಳಗಿಟ್ಟ. ಟವಲು ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡ.

“ಅಯ್ಯೋ, ಬ್ಯಾಡ ಬುಡವ್ವ. ದೊಡ್ಡೋರು. ನಮ್ ದೆಸೆಯಿಂದ ಅವ್ರಿಗ್ಯಾಕೆ ತೊಂದ್ರೆ.”

ಡಾಕ್ಟರಮ್ಮ ಸುನಂದಮ್ಮನ ಮುಖ ನೋಡಿದರು. ಸುನಂದಮ್ಮ ಅವರ ಕಣ್ಣನ್ನೇ ನೋಡಿ, ಹೊಟ್ಟೆಯಿಂದ ದನಿ ತೆಗೆದು, ಒಂದಕ್ಷರ ತಡವರಿಸದೆ ಹೇಳಿದಳು: “ನೋ, ಮೇಡಮ್. ಹಿ ಡಸ್ ನಾಟ್ ವಾಂಟ್ ಇಟ್. ಥ್ಯಾಂಕ್ ಯು.”

ಅಷ್ಟು ಚೆಂದದ ವಾಕ್ಯ ಅವಳ ಬಾಯಿಂದ ಅದುವರೆಗೆ ಬಂದಿರಲಿಲ್ಲ.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಒಮ್ಮೆ ಮುದುಕನನ್ನು, ಒಮ್ಮೆ ಹುಡುಗಿಯನ್ನು ನೋಡಿದರು. “ಈಸ್ ಹಿ ಷೂರ್? ಪ್ಲೀಸ್ ಆಸ್ಕ್ ಹಿಮ್ ಒನ್ಸ್ ಮೋರ್” ಎಂದರು.

ಇನ್ನೊಂದು ಸಲ ಅವನನ್ನು ಕೇಳಿ, ಎಂದರು. ಅದೂ ಸುನಂದಮ್ಮನಿಗೆ ಅರ್ಥವಾಯಿತು. ಸಣ್ಣಬೀರಯ್ಯ ಟವಲು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ. ಟವಲು ಹೆಗಲೇರಿರಲಿಲ್ಲ. ಅದನ್ನೂ ಅವಳು ನೋಡಿದಳು. ಆದರೆ ಅವಳ ನಾಲಗೆಯ ಮೇಲೆ ಇನ್ನೊಂದು ವಾಕ್ಯ ಸಿದ್ಧವಾಗಿ ಕುಳಿತಿತ್ತು. ಯತೀಶ್ ನೋಡುತ್ತಿದ್ದ. ಕನ್ನಡಕ್ಕೆ ತಿರುಗಿದರೆ ಆ ಓಟ ನಿಂತುಹೋಗುತ್ತಿತ್ತು.

“ಎಸ್, ಮೇಡಮ್. ಹಿ ಈಸ್ ಷೂರ್.”

ಡಾಕ್ಟರಮ್ಮ ಹುಡುಗಿಯ ಕೆನ್ನೆ ಸವರಿ ಎದ್ದುಹೋದರು. ಮರುದಿನ ಬೆಳಿಗ್ಗೆ ಮೈಸೂರಿಗೆ ಹೊರಟುಹೋದರು.

ಅಂದೇ ಮಧ್ಯಾಹ್ನ ಯತೀಶ್ ಬಂದು, “ಅಕ್ಕ, ದೊಡ್ಡೋರು ಒಪ್ಕಂಡ್ರು. ಗುರುವಾರದಿಂದ ಹಾಲ್‌ಗೆ ಬನ್ನಿ. ನಿನ್ನೆ ಗಡಗಡ ಅಂತ ಮಾತಾಡುದ್ರಿ ನೋಡಿ, ಅದನ್ನೇ ಹೇಳ್ದೆ” ಎಂದ.

ಕಾಂತರಾಜು ಮೊಸರು ಮಾರಿ ಬರುವಾಗ ಮೈಸೂರುಪಾಕು ತಂದ. ಚಿನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಸುನಂದಮ್ಮನ ಬಾಯಲ್ಲಿ ಮೈಸೂರುಪಾಕು ಕರಗಲಿಲ್ಲ. ನಿಜವಾಗಿಯೂ ಬೀರಣ್ಣನಿಗೆ ಬೇಡವಾಗಿತ್ತೇನೋ, ಆಪರೇಷನ್ ಎಂದರೆ ಹೆದರುತ್ತಾನೆ, ಮಗ ಸೊಸೆ ಊರಲ್ಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಎರಡು ಕೈಯಲ್ಲಿ ಹಿಡಿದ ಆ ಟವಲು ಕಣ್ಣಿಗೆ ಕಟ್ಟುತ್ತಿತ್ತು.

ಗುರುವಾರ ಇಸ್ತ್ರಿ ಸೀರೆಯುಟ್ಟು ಊಟದ ಹಾಲ್‌ನಲ್ಲಿ ನಿಂತಳು. ಬಂದವರಿಗೆಲ್ಲ ತಪ್ಪಿಲ್ಲದೆ ನಮಸ್ಕಾರ ಹೇಳಿದಳು. ದೊಡ್ಡ ಕಿಟಕಿಯಾಚೆ ಸಣ್ಣಬೀರಯ್ಯ ಗಿಡಕ್ಕೆ ನೀರು ಬಿಡುತ್ತಿದ್ದ, ಅನು ಪೈಪು ಹಿಡಿದುಕೊಂಡಿದ್ದಳು. ತಾತ ಏನೋ ಹೇಳುತ್ತಾನೆ, ಹುಡುಗಿ ತಲೆ ಹೊರಳಿಸಿ ಎಡಗಿವಿ ಕೊಡುತ್ತಾಳೆ. ಗಾಜಿನ ಈಚೆಗೆ ಸದ್ದು ಕೇಳುತ್ತಿರಲಿಲ್ಲ. ಆದರೂ ಆ “ಆಂ?” ಸುನಂದಮ್ಮನಿಗೆ ಕೇಳಿಸಿತು. ಇದೇ ಹೊತ್ತಿಗೆ ಹುಡುಗಿ ಮೈಸೂರಿನಲ್ಲಿ ಮಂಚದ ಮೇಲೆ ಮಲಗಿರಬೇಕಿತ್ತು.

ಸಂಜೆ ವ್ಯಾನಿನಲ್ಲಿ ಸಣ್ಣಬೀರಯ್ಯ ಅವಳ ಪಕ್ಕದಲ್ಲೇ ಕುಳಿತ. ಅನು ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

“ಒಳ್ಳೇದಾಯ್ತು ಕಣವ್ವ, ಬಟ್ಟೆ ಒಗೆಯಾದು ತಪ್ತು ನಿಂಗೆ” ಎಂದ. ರಸ್ತೆಯ ಕಡೆ ನೋಡುತ್ತಾ ಕೇಳಿದ: “ಆ ಡಾಕ್ಟರಮ್ಮ ಇನ್ನೊಂದ್ ಕಿತ ಕೇಳ್ಲೇ ಇಲ್ಲ, ಅಲ್ವಾ? ಹೂಂ, ದೊಡ್ಡ ಜನ, ಬಾಯ್ಮಾತಿಗೆ ಅಂದಿರ್ತಾರೆ. ಅಷ್ಟಾದ್ರೂ ಅಂದ್ರಲ್ಲ, ಸಾಕು ಬುಡು.”

ಅವನ ಮನಸ್ಸಿನಲ್ಲಿ ಆ ಒಳ್ಳೆಯ ಹೆಂಗಸು ಬಾಯಿಮಾತಿನವಳಾಗಿ ಉಳಿದುಬಿಟ್ಟಿದ್ದಳು. ಕೇಳಿದರು ಬೀರಣ್ಣ, ನಾನೇ ನುಂಗಿಕೊಂಡೆ ಎನ್ನಬೇಕು. ಸುನಂದಮ್ಮ ಬಾಯಿ ತೆರೆದಳು. ಕನ್ನಡದಲ್ಲಿ ಒಂದು ಮಾತೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೋದವಳೇ ಯತೀಶನ ಮೇಜಿನ ಮುಂದೆ ನಿಂತಳು.

“ಆ ಪುಣೆ ಡಾಕ್ಟರಮ್ಮನ ನಂಬರ್ ಬೇಕು.”

“ಅಯ್ಯೋ ಅಕ್ಕ, ಗೆಸ್ಟ್‌ಗೆ ನಾವಾಗ್ ನಾವು ಫೋನ್ ಮಾಡಂಗಿಲ್ಲ. ಏನಾಯ್ತು?”

“ಅವತ್ತು ನಾನು ಚೆನ್ನಾಗ್ ಮಾತಾಡ್ದೆ ಅಂದ್ರಲ್ಲ, ಚೆನ್ನಾಗ್ ಮಾತಾಡ್ಲಿಲ್ಲ ಕಣ್ರೀ. ಬೀರಣ್ಣ ಒಂದ್ ಕಿತ ಬ್ಯಾಡ ಅಂದ. ಆಯಮ್ಮ ತಿರ್ಗ ಕೇಳು ಅಂದ್ರು. ನಾನು ಕೇಳ್ಲೇ ಇಲ್ಲ. ನೀವು ನೋಡ್ತಾ ಇದ್ರಿ ಅಂತ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹಾಲ್ ಕೆಲ್ಸ ಬ್ಯಾಡ ಅಂದ್ರೆ ಬಕೆಟ್ ಹಿಡೀತೀನಿ. ನಂಬರ್ ಕೊಡಿ.”

ಯತೀಶ್ ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತಾ ಕುಳಿತ. “ಆಯಮ್ಮ ಕೇಳು ಅಂದಿದ್ದು ನಂಗೂ ಕೇಳುಸ್ತು ಅಕ್ಕ” ಎಂದ ಕೊನೆಗೆ. “ತಾತ ನಿಂತಿದ್ದು ನೋಡುದ್ರೇ ಗೊತ್ತಾಗ್ತಿತ್ತು. ನಾನೂ ಕೋಟೆಯೋನೇ ಅಲ್ವಾ? ನೀವು ಮಾತಾಡೋ ಚೆಂದ ನೋಡ್ತಾ ನಿಂತ್ಬುಟ್ಟೆ.” ನಂಬರನ್ನು ಒತ್ತಿ ಫೋನು ಕೈಗೆ ಕೊಟ್ಟ. “ನಾನೇ ಮಾತಾಡ್ಲಾ?”

“ಬ್ಯಾಡ. ನಾನೇ ಕೆಡ್ಸಿದ್ದು.”

ಎದುರಿಗೆ ಮುಖವಿಲ್ಲದೆ, ಕೈಸನ್ನೆಯಿಲ್ಲದೆ ಇಂಗ್ಲಿಷ್ ಮಾತಾಡುವುದು ಅದೇ ಮೊದಲು. ಅತ್ತಲಿಂದ “ಹಲೋ, ಹೂ ಈಸ್ ದಿಸ್?” ಎಂದ ದನಿ ಕೇಳಿದ್ದೇ ತಡ, ಹಿಂದಿನ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳು ಚೆಲ್ಲಾಪಿಲ್ಲಿಯಾದವು. ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ.

“ಮೇಡಮ್... ಐ ಸುನಂದಾ. ಹಾಸ್ಪಿಟಲ್... ನೋ, ರೆಸಾರ್ಟ್. ಲಿಟಲ್ ಗರ್ಲ್. ಇಯರ್. ಐ... ಮಿಸ್ಟೇಕ್, ಮೇಡಮ್.”

“ಸ್ಲೋಲಿ” ಎಂದರು ಡಾಕ್ಟರಮ್ಮ.

“ಯು ಆಸ್ಕ್ ಟು ಟೈಮ್. ಐ ನಾಟ್ ಟೆಲ್ ಹಿಮ್. ಅವರ್ ಪ್ಲೇಸ್... ಫಸ್ಟ್ ನೋ. ಸೆಕೆಂಡ್ ಆಲ್ಸೋ ನೋ. ದೆನ್ ಎಸ್. ಹಿ ವಾಂಟ್, ಮೇಡಮ್. ಹಿ ಸ್ಟ್ಯಾಂಡಿಂಗ್. ಐ ಸೀ. ಐ ನಾಟ್ ಟೆಲ್.”

ಕೊನೆಯ ಮಾತಿಗೆ ಅಳು ಬಂದುಬಿಟ್ಟಿತು. ಮೇಷ್ಟ್ರು ಕೇಳಿಸಿಕೊಂಡಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಡಾಕ್ಟರಮ್ಮ, ಕ್ಯಾಂಪು ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಬನ್ನಿ ಎಂದರು. ಆಸ್ಪತ್ರೆ ಯಾವ ರಸ್ತೆಯಲ್ಲಿದೆ ಎಂದು ಎರಡು ಸಲ ಹೇಳಿದರು.

ಶನಿವಾರ ಮೊದಲ ಬಸ್ಸಿಗೆ ಹಂಪಾಪುರದಲ್ಲಿ ಮೂವರೂ ಹತ್ತಿದರು. ಡಾಕ್ಟರಮ್ಮ ಬರಹೇಳಿದ್ದಾರೆ ಎಂದಷ್ಟೇ ಅವಳು ಹಿಂದಿನ ಸಂಜೆ ಹೇಳಿದ್ದಳು. ಸಣ್ಣಬೀರಯ್ಯ ಮಡಿಸಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು, ಡಾಕ್ಟರಮ್ಮನಿಗೆಂದು ಒಂದು ಚೀಲ ಕಡಲೆಕಾಯಿ ತಂದಿದ್ದ.

“ಊರೋರ್ಗೆಲ್ಲ ಹೇಳಿವ್ನಿ ಕಣವ್ವ, ನಮ್ ಸುನಂದವ್ವ ಇಂಗ್ಲೀಷ್ ಕಲ್ತಿದ್ಕೆ ಇದಾಯ್ತು ಅಂತ.”

ಇನ್ನು ತಡೆಯಲಾಗಲಿಲ್ಲ.

“ಅಂಗನ್ಬ್ಯಾಡ ಬೀರಣ್ಣ. ಆಯಮ್ಮ ಅವತ್ತೇ ಇನ್ನೊಂದ್ ಕಿತ ಕೇಳಿದ್ರು. ಕೇಳು ಅಂತ ನಂಗೇಳುದ್ರು. ನಾನು ನಿಂಗೇಳ್ಲಿಲ್ಲ. ನಿನ್ ಬದ್ಲು ನಾನೇ ಬ್ಯಾಡ ಅಂದ್ಬುಟ್ಟೆ.”

ಸಣ್ಣಬೀರಯ್ಯ ಅವಳ ಕಡೆ ತಿರುಗಿದ.

“ಕೇಳಿದ್ರಾ?”

“ಊಂ.”

“ಎಲ್ಡನೇ ಕಿತ?”

“ಊಂ ಕಣಣ್ಣ.”

ಬೈಯುತ್ತಾನೆ ಎಂದು ಅವಳು ತಲೆ ತಗ್ಗಿಸಿ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಕಡಲೆಕಾಯಿ ಚೀಲವನ್ನು ಕಾಲ ಬಳಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ಅಂಗಾರೆ ಬಾಯ್ಮಾತಿಗಲ್ಲ” ಎಂದ. “ನಾನು ಆಯಮ್ಮನ್ನ ತಪ್ಪಾಗ್ ತಿಳ್ಕಂಡಿದ್ದೆ ನೋಡು.”

ಅವನಿಗೆ ತಪ್ಪಾಗಿ ಕಂಡದ್ದು ತನ್ನದೇ ತಿಳುವಳಿಕೆ. ಸುನಂದಮ್ಮ ಮೈಸೂರು ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕುಳಿತಳು.

ಡಾಕ್ಟರಮ್ಮ ಹುಡುಗಿಯನ್ನು ಯಂತ್ರದ ಮುಂದೆ ಕೂರಿಸಿ ಪರೀಕ್ಷೆ ಮಾಡಿದರು. ಅಂದಿನ ಆಪರೇಷನ್‌ಗಳ ಸರದಿ ತುಂಬಿಹೋಗಿತ್ತು. ಸಂಜೆಗೆ ಅವರು ಪುಣೆಗೆ ಹೊರಡಬೇಕು. ಔಷಧಿ ಕೊಟ್ಟರು, ನೀರು ತಾಗಿಸಬೇಡಿ, ಎಣ್ಣೆ ಬಿಡಲೇಬೇಡಿ ಎಂದರು. ಸಂಕ್ರಾಂತಿ ಕಳೆದ ಮೇಲೆ ಗೆಳತಿ ಆಪರೇಷನ್ ಮಾಡುತ್ತಾರೆ, ಅವರೂ ನುರಿತವರೇ, ಖರ್ಚಿಲ್ಲ ಎಂದರು. “ಇಫ್ ಶಿ ಹ್ಯಾಡ್ ಕಮ್ ಆನ್ ಥರ್ಸ್‌ಡೇ...” ಎಂದು ಶುರುಮಾಡಿದವರು ಸುನಂದಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಗುರುವಾರ ಬಂದಿದ್ದರೆ ಎಂಬುದರ ಮುಂದಿನ ಭಾಗ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಕ್ರಾಂತಿಯವರೆಗೆ ಹುಡುಗಿ ಶಾಲೆಯಲ್ಲಿ ಎಡಗಿವಿ ಮುಂದೆ ಮಾಡಿಕೊಂಡೇ ಕೂರಬೇಕು. ಮಕ್ಕಳು ಆಂ ಎಂದೇ ಕರೆಯುತ್ತಾರೆ.

ಈ ಸಲ ಸುನಂದಮ್ಮ ಒಂದೊಂದು ಮಾತನ್ನೂ ಸಣ್ಣಬೀರಯ್ಯನಿಗೆ ದಾಟಿಸಿದಳು. ಗುರುವಾರದ ಅರ್ಧ ಮಾತನ್ನೂ ಬಿಡಲಿಲ್ಲ. ಅವನು ಹೂಂಗುಟ್ಟಿದ.

ಅಷ್ಟರಲ್ಲಿ ಆಯಾ ಕಾಫಿಯ ತಟ್ಟೆ ತಂದಳು. ಡಾಕ್ಟರಮ್ಮ ಸಣ್ಣಬೀರಯ್ಯನ ಕಡೆ ಕೈ ತೋರಿಸಿ, “ಕಾಫಿ?” ಎಂದರು.

“ಬ್ಯಾಡಿ ತಾಯಿ, ಈಗ ತಾನೆ ಕುಡ್ಕಂಡ್ ಬಂದ್ವಿ.”

ಡಾಕ್ಟರಮ್ಮ ಸುನಂದಮ್ಮನ ಕಡೆ ನೋಡಿದರು. ಅವಳು ತಡವರಿಸಿದಳು. ಸರಿಯಾದ ವಾಕ್ಯ ಹುಡುಕಲು ಹೋಗಲಿಲ್ಲ. “ಅಗೇನ್, ಮೇಡಮ್” ಎಂದಳು ಮೆಲ್ಲಗೆ.

ಡಾಕ್ಟರಮ್ಮ ಮತ್ತೆ ಕೇಳಿದರು. ಅವನು “ಯಾಕ್ ತಾಯಿ ತೊಂದ್ರೆ” ಎಂದ. ಅವರು ನಗುತ್ತಾ ಮೂರನೆಯ ಸಲ ಕೇಳಿ, ತಾವೇ ಲೋಟ ಎತ್ತಿ ಅವನ ಕೈಗೆ ಕೊಟ್ಟರು. ಸಣ್ಣಬೀರಯ್ಯ ಟವಲು ತೊಡೆಯ ಮೇಲೆ ಹಾಕಿಕೊಂಡು ಕುಡಿದ.

ಹೊರಗೆ ಬಸ್ಸಿಗೆ ಕಾಯುವಾಗ ಸುನಂದಮ್ಮ ಅನುವಿನ ಬಲಗಡೆಗೆ ನಿಂತಿದ್ದಳು. ಬಗ್ಗಿ, “ತಪ್ಪಾಯ್ತು ಕಣವ್ವ” ಎಂದಳು.

ಹುಡುಗಿ ತಲೆ ಹೊರಳಿಸಿ ಎಡಗಿವಿ ಮುಂದೆ ಮಾಡಿದಳು.

“ಆಂ?”

ಸುನಂದಮ್ಮ ಅವಳ ಎಡಗಡೆಗೆ ಬಂದು ನಿಂತು ಇನ್ನೊಂದು ಸಲ ಹೇಳಿದಳು.